ಸ್ಟಿಕರ್‌ನಲ್ಲಿ 450, ಒಳಗೆ 192: ಕಂಪ್ಯೂಟರ್‌ಗೆ ಹೊಸ ಎಸ್‌ಎಂಪಿಎಸ್ ಆರಿಸಿದ ಅನುಭವ

ಮದುವೆ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಊರು ತುಮಕೂರು. ಈಗ ಎಲ್ಲರೂ 4ಕೆಯಲ್ಲೇ ಶೂಟ್ ಮಾಡಿ ಕೊಡುತ್ತಾರೆ. ನನ್ನ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್‌ನ ಐ5 10400 ಪ್ರೊಸೆಸರ್ ಇದೆ, ಬೇಕಾದಷ್ಟು ರ‍್ಯಾಮ್ ಇದೆ, ಗ್ರಾಫಿಕ್ಸ್ ಕಾರ್ಡ್ ಮಾತ್ರ ಇರಲಿಲ್ಲ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕಲರ್ ಸರಿಮಾಡಲು ಕೂತರೆ ವಿಡಿಯೋ ತಡವರಿಸುತ್ತಿತ್ತು. 12 ಜಿಬಿಯ ಆರ್‌ಟಿಎಕ್ಸ್ 3060 ಹಾಕೋಣ ಅಂತ ತೀರ್ಮಾನ ಮಾಡಿದೆ. ಕಾರ್ಡ್ ಯಾವುದು ಅನ್ನೋದು ಬೇಗ ಮುಗಿಯಿತು. ಆ ಕಾರ್ಡಿಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಇಳಿಸಿ ಕೊಡೋ ಡಬ್ಬಿ, ಯಾವುದು ಅನ್ನೋದಕ್ಕೆ ಅದರ ಹತ್ತು ಪಟ್ಟು ಹೊತ್ತು ಹಿಡಿಯಿತು. ಅಂಗಡಿಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಕ್ಯಾಬಿನೆಟ್ ಬಿಚ್ಚಿ ಹಳೇ ಎಸ್‌ಎಂಪಿಎಸ್ ಹೊರಗೆ ತೆಗೆದದ್ದು. ಕ್ಯಾಬಿನೆಟ್ ಜೊತೆಗೇ ಬಂದದ್ದು ಅದು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿತ್ತು. ಕೈಯಲ್ಲಿ ಹಿಡಿದರೆ ಒಳಗೆ ಏನೂ ಇಲ್ಲವೇನೋ ಅನ್ನುವಷ್ಟು ಹಗುರ. ಹಿಂದೆ ಕೆಂಪು ಬಣ್ಣದ ಸಣ್ಣ ಸ್ವಿಚ್, ಅದರಲ್ಲಿ 115 ಮತ್ತು 230. ನಮ್ಮ ದೇಶದಲ್ಲಿ ಆ ಸ್ವಿಚ್ ಯಾವಾಗಲೂ 230ರಲ್ಲೇ ಇರಬೇಕು. ಮಕ್ಕಳು ಆಟಕ್ಕೆ 115ಕ್ಕೆ ಸರಿಸಿ ಆನ್ ಮಾಡಿದರೆ ಢಂ ಅಂತ ಹೋಗುತ್ತದೆ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಈ ಸ್ವಿಚ್ ಇರುವುದಿಲ್ಲ. ಆಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರುವುದರಿಂದ ಅವು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುತ್ತವೆ. ಹಾಗಾಗಿ ಕೆಂಪು ಸ್ವಿಚ್ ಕಂಡರೆ ಅದು ಹಳೇ ಡಿಸೈನ್ ಅಂತ ತಕ್ಷಣ ಹೇಳಬಹುದು.

ಆಮೇಲೆ ಪಕ್ಕದ ಸ್ಟಿಕರ್ ಓದಿದೆ. ಎಸ್‌ಎಂಪಿಎಸ್ ವಿಷಯದಲ್ಲಿ ಒಂದೇ ಒಂದು ಕೆಲಸ ಮಾಡುವಷ್ಟು ಪುರುಸೊತ್ತು ಇದ್ದರೆ, ಈ ಸ್ಟಿಕರ್ ಓದಿ. ನನ್ನದರಲ್ಲಿ ಹೀಗಿತ್ತು: 3.3 ವೋಲ್ಟ್‌ನಲ್ಲಿ 14 ಆಂಪಿಯರ್, 5 ವೋಲ್ಟ್‌ನಲ್ಲಿ 18 ಆಂಪಿಯರ್, 12 ವೋಲ್ಟ್‌ನಲ್ಲಿ 16 ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ ಅಲ್ವಾ? 12 ವೋಲ್ಟ್ ಲೈನಿನದು 192 ವ್ಯಾಟ್. ಸಣ್ಣಪುಟ್ಟ ಲೈನುಗಳನ್ನೆಲ್ಲ ಕೂಡಿದರೂ ಮೊತ್ತ 350 ಮುಟ್ಟುವುದಿಲ್ಲ. 450 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅನ್ನೋದಕ್ಕೆ ಆ ಸ್ಟಿಕರ್‌ನಲ್ಲೇ ಉತ್ತರ ಇರಲಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಈಗಿನ ಕಂಪ್ಯೂಟರ್ ಹೆಚ್ಚುಕಮ್ಮಿ ಎಲ್ಲಾ ಕರೆಂಟನ್ನೂ 12 ವೋಲ್ಟ್ ಲೈನಿನಿಂದಲೇ ಎಳೆಯುತ್ತದೆ. ಪ್ರೊಸೆಸರ್‌ಗೆ ಹೋಗುವುದು 12 ವೋಲ್ಟ್. ಗ್ರಾಫಿಕ್ಸ್ ಕಾರ್ಡಿಗೆ ಹೋಗುವುದು 12 ವೋಲ್ಟ್. ಮದರ್‌ಬೋರ್ಡ್ ಅದನ್ನು ಪಕ್ಕದಲ್ಲೇ ಒಂದು ವೋಲ್ಟ್ ಆಸುಪಾಸಿಗೆ ಇಳಿಸಿ ಪ್ರೊಸೆಸರ್‌ಗೆ ಕೊಡುತ್ತದೆ. 5 ವೋಲ್ಟ್ ಬಳಸುವುದು ಯುಎಸ್‌ಬಿ, ಎಸ್‌ಎಸ್‌ಡಿಯಂಥ ಸಣ್ಣ ವಸ್ತುಗಳು. 5 ವೋಲ್ಟ್ ಲೈನಿನಲ್ಲಿ ಜಾಸ್ತಿ ಆಂಪಿಯರ್ ಇಟ್ಟುಕೊಂಡು 12ರಲ್ಲಿ ಕಮ್ಮಿ ಇರುವ ಎಸ್‌ಎಂಪಿಎಸ್ ಅಂದರೆ, ಅದು ಪೆಂಟಿಯಂ 3 ಕಾಲದ ಕಂಪ್ಯೂಟರ್‌ಗೆ ಹೊಂದುವ ವಿನ್ಯಾಸ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನ ಸ್ಟಿಕರ್ ನೋಡಿದರೆ 12 ವೋಲ್ಟ್ ಎದುರು 45.8 ಆಂಪಿಯರ್ ಅಂತ ಇರುತ್ತದೆ. ಅಂದರೆ ಹೆಚ್ಚುಕಮ್ಮಿ ಪೂರ್ತಿ 550 ವ್ಯಾಟ್ ಆ ಒಂದೇ ಲೈನಿನಲ್ಲಿ ಸಿಗುತ್ತದೆ.

ಇನ್ನೊಂದು ಗಮನಿಸಿದೆ. ವೈರುಗಳ ಪ್ಲಾಸ್ಟಿಕ್ ಮೇಲೆ ಸಣ್ಣದಾಗಿ ಗೇಜ್, ಅಂದರೆ ದಪ್ಪದ ಅಳತೆ, ಅಚ್ಚಾಗಿರುತ್ತದೆ. ಬೆಳಕಿಗೆ ಓರೆ ಹಿಡಿದು ನೋಡಿದರೆ ಕಾಣುತ್ತದೆ. ನನ್ನದರಲ್ಲಿ 20 ಎಡಬ್ಲ್ಯೂಜಿ ಇತ್ತು. ಒಳ್ಳೆಯವುಗಳಲ್ಲಿ ಮುಖ್ಯ ಕೇಬಲ್‌ಗಳು 18 ಇರುತ್ತವೆ. ಈ ಲೆಕ್ಕದಲ್ಲಿ ಸಂಖ್ಯೆ ಕಮ್ಮಿಯಾದಷ್ಟೂ ವೈರು ದಪ್ಪ. ತೆಳು ವೈರಿನಲ್ಲಿ ಜಾಸ್ತಿ ಕರೆಂಟ್ ಹರಿದರೆ ಬಿಸಿಯಾಗುತ್ತದೆ, ಕನೆಕ್ಟರ್ ಹತ್ತಿರ ಮೊದಲು ಕರಗುತ್ತದೆ.

ಇನ್ನು ಬೇಕಾದ ವ್ಯಾಟ್ ಲೆಕ್ಕ. ಈ ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾ ಪ್ರಕಾರ ಆರ್‌ಟಿಎಕ್ಸ್ 3060ಗೆ 170 ವ್ಯಾಟ್. ಐ5 10400ರ ಡಬ್ಬಿ ಮೇಲೆ 65 ವ್ಯಾಟ್ ಅಂತ ಇದೆ. ಆದರೆ ಪ್ರೊಸೆಸರ್ ತಾನೇ ವೇಗ ಹೆಚ್ಚಿಸಿಕೊಂಡು ಟರ್ಬೋಗೆ ಏರಿದಾಗ ಸ್ವಲ್ಪ ಹೊತ್ತು 134 ವ್ಯಾಟ್‌ವರೆಗೂ ಎಳೆಯಲು ಇಂಟೆಲ್ ಬಿಟ್ಟಿದೆ. ಲೆಕ್ಕಕ್ಕೆ ದೊಡ್ಡ ಸಂಖ್ಯೆಯನ್ನೇ ಹಿಡಿಯಬೇಕು. ಮದರ್‌ಬೋರ್ಡ್, ರ‍್ಯಾಮ್, ಫ್ಯಾನ್, ಎಸ್‌ಎಸ್‌ಡಿ, ಎರಡು ಹಾರ್ಡ್‌ಡಿಸ್ಕ್ ಎಲ್ಲಾ ಸೇರಿ 50 ವ್ಯಾಟ್. ಹಾರ್ಡ್‌ಡಿಸ್ಕ್ ತಿರುಗುತ್ತಿರುವಾಗ ಆರೇಳು ವ್ಯಾಟ್ ಅಷ್ಟೇ, ಆದರೆ ಶುರುವಾಗುವ ಕ್ಷಣದಲ್ಲಿ ಇಪ್ಪತ್ತು ದಾಟುತ್ತದೆ. ಒಟ್ಟು 355 ವ್ಯಾಟ್ ಆಸುಪಾಸು. ಎನ್‌ವಿಡಿಯಾ ಈ ಕಾರ್ಡಿಗೆ 550 ವ್ಯಾಟ್ ಎಸ್‌ಎಂಪಿಎಸ್ ಇರಲಿ ಅನ್ನುತ್ತದೆ.

355 ಸಾಕಾಗುವ ಕಡೆ 550 ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತಲೂ ಕಮ್ಮಿ ಹೊತ್ತಿನಲ್ಲಿ ಹೇಳಿದ ವ್ಯಾಟ್‌ಗಿಂತ ಎಷ್ಟೋ ಮೇಲೆ ಹಾರಿ ಮತ್ತೆ ಕೆಳಗೆ ಬರುತ್ತದೆ. ಮೀಟರ್‌ನಲ್ಲಿ ಅದು ಕಾಣುವುದೇ ಇಲ್ಲ. ಆದರೆ ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್‌ಗೆ ಗೊತ್ತಾಗಿ ಕಂಪ್ಯೂಟರ್ ಫಟ್ ಅಂತ ಆಫ್ ಆಗುತ್ತದೆ. ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಎಟಿಎಕ್ಸ್ ನಿಯಮವನ್ನು 2022ರಲ್ಲಿ ಇಂಟೆಲ್ 3.0ಕ್ಕೆ ಬದಲಾಯಿಸಿದಾಗ ಇದನ್ನೂ ನೋಡಿಕೊಂಡರು. 450 ವ್ಯಾಟ್‌ಗಿಂತ ದೊಡ್ಡ ಎಸ್‌ಎಂಪಿಎಸ್ ತನ್ನ ಶಕ್ತಿಯ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್‌ವರೆಗೆ ತಡೆದುಕೊಳ್ಳಬೇಕು ಅಂತ ಅದರಲ್ಲಿ ಸೇರಿಸಿದರು. 3060 ಅಷ್ಟು ಜೋರಾಗಿ ಹಾರುವ ಕಾರ್ಡ್ ಅಲ್ಲ. ಆದರೂ ಅಂಚು ಇರಲೇಬೇಕು.

ಖರೀದಿಗೆ ಬೆಂಗಳೂರಿಗೆ ಹೋದೆ. ಚಿಕ್ಕಪೇಟೆ ಮೆಟ್ರೋ ಇಳಿದು ನಡೆದರೆ ಎಸ್‌ಪಿ ರೋಡ್, ಅದೇ ಸಾದರ ಪತ್ರಪ್ಪ ರಸ್ತೆ. ಅಲ್ಲಿ ಸಿಗದ ಪಾರ್ಟ್ ಇಲ್ಲ. ಮೊದಲ ಅಂಗಡಿಯಲ್ಲೇ ಒಬ್ಬರು ಹೇಳಿದರು, "ಹಳೇದನ್ನೇ ಇಟ್ಕೊಳ್ಳಿ ಸಾರ್, ಒಂದು ಕನ್ವರ್ಟರ್ ಕೊಡ್ತೀನಿ, ನಡೆಯುತ್ತೆ." ಕೈಗೆ ಕೊಟ್ಟದ್ದು ಒಂದು ಕಡೆ ಹಾರ್ಡ್‌ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ, ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸುವ 8 ಪಿನ್ ಇರುವ ಕೇಬಲ್. ಬೆಲೆ ಏನೂ ಇಲ್ಲ. ನಾನು ಬೇಡ ಅಂದೆ. ಯಾಕೆ ಅಂತ ಅವರಿಗೂ ಹೇಳಿದೆ. ಸಾಟಾ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಪಿನ್ನಿಗೆ ಒಂದೂವರೆ ಆಂಪಿಯರ್. ಅಂದರೆ 54 ವ್ಯಾಟ್. 8 ಪಿನ್ ಕನೆಕ್ಟರ್‌ನಿಂದ ಕಾರ್ಡ್ ಎಳೆಯಬಹುದಾದದ್ದು 150 ವ್ಯಾಟ್. ಮದರ್‌ಬೋರ್ಡ್ ಸ್ಲಾಟ್‌ನಿಂದ ಸಿಗುವ 75 ಬೇರೆ. 54ರ ದಾರಿಯಲ್ಲಿ ನೂರಕ್ಕೂ ಜಾಸ್ತಿ ಹರಿಸಿದರೆ ಸಾಟಾ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಬಹುದು. ದಯವಿಟ್ಟು ಈ ಕನ್ವರ್ಟರ್ ಯಾರೂ ಹಾಕಬೇಡಿ. ಎಸ್‌ಎಂಪಿಎಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಇಲ್ಲ ಅಂದರೆ, ಆ ಕಾರ್ಡ್ ಹೊರುವ ಶಕ್ತಿಯೂ ಅದಕ್ಕಿಲ್ಲ ಅಂತಲೇ ಅರ್ಥ ಮಾಡಿಕೊಳ್ಳಬೇಕು.

ಮುಂದಿನ ಅಂಗಡಿಗಳಲ್ಲಿ ಕೋರ್ಸೇರ್, ಕೂಲರ್ ಮಾಸ್ಟರ್, ಡೀಪ್‌ಕೂಲ್, ಎಂಎಸ್‌ಐ, ಆಂಟೆಕ್ ಎಲ್ಲಾ ಇದ್ದವು. ಬ್ರ್ಯಾಂಡ್ ನೋಡಿ ಕಣ್ಣುಮುಚ್ಚಿ ತಗೊಳ್ಳುವ ಹಾಗಿಲ್ಲ. ಒಂದೇ ಬ್ರ್ಯಾಂಡಿನಲ್ಲಿ ಕಮ್ಮಿ ಬೆಲೆಯ ಸಾಲು ಬೇರೆ, ಒಳ್ಳೆಯ ಸಾಲು ಬೇರೆ. ಇವರಲ್ಲಿ ತುಂಬಾ ಜನ ತಾವೇ ತಯಾರಿಸುವುದೂ ಇಲ್ಲ. ಸಿಡಬ್ಲ್ಯೂಟಿ, ಸೀಸಾನಿಕ್, ಎಫ್‌ಎಸ್‌ಪಿಯಂಥ ಕಂಪನಿಗಳು ಮಾಡಿಕೊಡುತ್ತವೆ, ಹೆಸರು ಮಾತ್ರ ಇವರದು. ಹಾಗಾಗಿ ಮಾಡೆಲ್ ನಂಬರ್ ಹಿಡಿದು ಅದರ ಲೋಡ್ ಟೆಸ್ಟ್ ವರದಿಗಳನ್ನು ಮನೆಯಲ್ಲೇ ಓದಿಕೊಂಡು ಹೋಗಿದ್ದೆ. ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡುವ ವಸ್ತು ಇದಲ್ಲ.

ನನ್ನ ಆಯ್ಕೆ ಕೊನೆಗೆ ನಿಂತದ್ದು 80 ಪ್ಲಸ್ ಮುದ್ರೆಯ ಬ್ರಾಂಜ್ ಮತ್ತು ಗೋಲ್ಡ್ ದರ್ಜೆಗಳ ನಡುವೆ. ಈ ಮುದ್ರೆ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ತಲುಪುತ್ತದೆ ಅನ್ನೋದನ್ನಷ್ಟೇ ಹೇಳುತ್ತದೆ. ಅಮೆರಿಕದ 115 ವೋಲ್ಟ್ ಪರೀಕ್ಷೆಯಲ್ಲಿ, ಅರ್ಧ ಲೋಡ್ ಇದ್ದಾಗ, ಬ್ರಾಂಜ್‌ಗೆ 85 ಶೇಕಡಾ, ಗೋಲ್ಡ್‌ಗೆ 90 ಶೇಕಡಾ ಬೇಕು. ನಮ್ಮ 230 ವೋಲ್ಟ್‌ನಲ್ಲಿ ಎರಡೂ ಸ್ವಲ್ಪ ಮೇಲೆಯೇ ಇರುತ್ತವೆ. ಉಳಿದ ಪಾಲು ಬಿಸಿಯಾಗಿ ಹೋಗುತ್ತದೆ.

ಈ ಐದು ಶೇಕಡಾದಿಂದ ಬಿಲ್ ಎಷ್ಟು ಉಳಿಯುತ್ತದೆ? ಕಂಪ್ಯೂಟರ್ 250 ವ್ಯಾಟ್ ಬಳಸುತ್ತಿದೆ ಅಂದುಕೊಳ್ಳಿ. ಬ್ರಾಂಜ್ ಗೋಡೆಯಿಂದ 294 ಎಳೆಯುತ್ತದೆ, ಗೋಲ್ಡ್ 278. ವ್ಯತ್ಯಾಸ 16 ವ್ಯಾಟ್. ದಿನಕ್ಕೆ ಆರು ಗಂಟೆ ಹೀಗೇ ಓಡಿದರೆ ವರ್ಷಕ್ಕೆ 35 ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ವರ್ಷಕ್ಕೆ 245 ರೂಪಾಯಿ. ಗೋಲ್ಡ್‌ಗೆ ಎರಡು ಸಾವಿರ ಜಾಸ್ತಿ ಕೇಳುತ್ತಿದ್ದರು. ಅದು ಬಿಲ್‌ನಲ್ಲಿ ವಾಪಸ್ ಬರಲು ಎಂಟು ವರ್ಷ ಬೇಕು. ಗೋಲ್ಡ್‌ಗಳು ಸಾಮಾನ್ಯವಾಗಿ ಒಳಗಿನ ಸಾಮಾನಿನಲ್ಲೂ ಚೆನ್ನಾಗಿರುತ್ತವೆ, ಅದು ನಿಜ. ಆದರೆ ಮುದ್ರೆ ಅದರ ಖಾತ್ರಿ ಕೊಡುವುದಿಲ್ಲ. ವೋಲ್ಟೇಜ್ ಎಷ್ಟು ಸ್ಥಿರ, ಶಾರ್ಟ್ ಆದರೆ ಆಫ್ ಆಗುತ್ತದಾ, ಬಿಸಿ ಜಾಸ್ತಿಯಾದರೆ ನಿಲ್ಲುತ್ತದಾ, ಇವನ್ನೆಲ್ಲ 80 ಪ್ಲಸ್ ನೋಡುವುದೇ ಇಲ್ಲ.

ನಾನು ನೋಡಿದ್ದು ಬೇರೆ. 12 ವೋಲ್ಟ್ ಲೈನಿನಲ್ಲಿ ಪೂರ್ತಿ ಆಂಪಿಯರ್ ಇರಬೇಕು. 5 ಮತ್ತು 3.3 ವೋಲ್ಟನ್ನು 12ರಿಂದಲೇ ಪ್ರತ್ಯೇಕವಾಗಿ ಇಳಿಸುವ ಡಿಸಿ-ಡಿಸಿ ವಿನ್ಯಾಸ ಆಗಿರಬೇಕು. ಯಾಕೆಂದರೆ ಹಳೇ ವಿನ್ಯಾಸದಲ್ಲಿ 12ರ ಮೇಲೆ ಭಾರ ಬಿದ್ದಾಗ 5 ವೋಲ್ಟ್ ಕೂಡ ಅಲ್ಲಾಡುತ್ತದೆ. ಮುಖ್ಯ ಕೆಪಾಸಿಟರ್‌ಗಳು 85 ಡಿಗ್ರಿಯವಲ್ಲ, 105 ಡಿಗ್ರಿಯವಾಗಿರಬೇಕು. ಏಪ್ರಿಲ್‌ನಲ್ಲಿ ನನ್ನ ರೂಮಿನ ಬಿಸಿಗೆ ಇದು ಸಣ್ಣ ಮಾತಲ್ಲ. ಪ್ರೊಸೆಸರ್‌ಗೆ 4+4 ಪಿನ್, ಕಾರ್ಡಿಗೆ ಕಮ್ಮಿ ಅಂದರೂ ಎರಡು 6+2 ಪಿನ್. ಐದು ವರ್ಷ ವಾರಂಟಿ. ಇದಿಷ್ಟೂ ಇದ್ದ ಒಂದು 650 ವ್ಯಾಟ್ ಬ್ರಾಂಜ್ ಐದು ಸಾವಿರ ಚಿಲ್ಲರೆಗೆ ಸಿಕ್ಕಿತು. ಸ್ಟಿಕರ್‌ನಲ್ಲಿ 12 ವೋಲ್ಟ್ ಎದುರು 54 ಆಂಪಿಯರ್. 648 ವ್ಯಾಟ್.

550ರ ಬದಲು 650 ತಗೊಂಡದ್ದಕ್ಕೆ ಕಾರಣ ಇದೆ. ಬೆಲೆಯಲ್ಲಿ ಅಂತರ ಕಮ್ಮಿ. ನನ್ನ ಲೋಡ್ ಅದರ ಅರ್ಧದ ಹತ್ತಿರ ಬೀಳುತ್ತದೆ, ಎಫಿಶಿಯೆನ್ಸಿ, ಅಂದರೆ ಕಂಪ್ಯೂಟರ್‌ಗೆ ತಲುಪುವ ಪಾಲು, ಚೆನ್ನಾಗಿರುವ ಜಾಗ ಅದೇ. ಫ್ಯಾನ್ ಕೂಡ ಕೂಗಾಡುವುದಿಲ್ಲ. ಮುಂದೆ ಆರ್‌ಟಿಎಕ್ಸ್ 4070 ಥರದ 200 ವ್ಯಾಟ್ ಕಾರ್ಡ್ ಹಾಕಿದರೂ ಎನ್‌ವಿಡಿಯಾ ಕೇಳುವುದು 650. ಪಕ್ಕದಲ್ಲಿದ್ದ ಇನ್ನೊಬ್ಬ ಗಿರಾಕಿ 850 ತಗೊಳ್ಳಿ, ನಾಳೆಗೆ ಬೇಕಾಗುತ್ತದೆ ಅಂದರು. ನನಗೆ ಬೇಡ ಅನ್ನಿಸಿತು. ಸುಮ್ನೆ ಬ್ರೌಸ್ ಮಾಡುವಾಗ ನನ್ನ ಕಂಪ್ಯೂಟರ್ ಬಳಸುವುದು 50 ವ್ಯಾಟ್. 850ಕ್ಕೆ ಅದು ಆರು ಶೇಕಡಾ ಕೂಡ ಅಲ್ಲ. ಅಷ್ಟು ಕಮ್ಮಿ ಲೋಡಿನಲ್ಲಿ ಎಫಿಶಿಯೆನ್ಸಿ ಎಷ್ಟಿರಬೇಕು ಅಂತ ಬ್ರಾಂಜ್, ಗೋಲ್ಡ್ ಮುದ್ರೆಗಳು ಕೇಳುವುದೂ ಇಲ್ಲ. 10 ಶೇಕಡಾ ಲೋಡಿನಲ್ಲಿ ಪರೀಕ್ಷೆ ಕಡ್ಡಾಯ ಇರುವುದು ಗೋಲ್ಡ್‌ಗಿಂತ ಎಷ್ಟೋ ಮೇಲಿನ ಟೈಟಾನಿಯಂನಂಥ ದರ್ಜೆಗೆ.

ಬಿಲ್ ಕೇಳಿ ತಗೊಂಡೆ, ಸೀರಿಯಲ್ ನಂಬರ್ ಬರೆಸಿ. 18 ಶೇಕಡಾ ಜಿಎಸ್‌ಟಿ ಉಳಿಯುತ್ತದೆ ಅಂತ ಬಿಲ್ ಬಿಟ್ಟರೆ ಐದು ವರ್ಷದ ವಾರಂಟಿ ಕೈಬಿಟ್ಟ ಹಾಗೆ.

ಇಲ್ಲಿಗೆ ಎಸ್‌ಎಂಪಿಎಸ್ ಬಂತು. ಆದರೆ ಅದಕ್ಕೆ ಗೋಡೆಯಿಂದ ಬರುವ ಕರೆಂಟ್ ಸರಿ ಇದೆಯಾ ಅನ್ನೋದು ಅಷ್ಟೇ ದೊಡ್ಡ ಪ್ರಶ್ನೆ. ಉಳಿಸಿದ ಎರಡು ಸಾವಿರವನ್ನು ನಾನು ಹಾಕಿದ್ದು ಅಲ್ಲಿಗೆ.

ನನ್ನ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಿತ್ತು. ಬರಿಗಾಲಲ್ಲಿ ನಿಂತು ಹಿಂಬದಿಯ ಸ್ಕ್ರೂಗೆ ಬೆರಳು ತಾಗಿಸಿದರೆ ಚೆನ್ನಾಗಿ ಗೊತ್ತಾಗುತ್ತಿತ್ತು. ತುಂಬಾ ಮನೆಗಳಲ್ಲಿ ಹೀಗಿದೆ, ಜನ ಅದನ್ನು ಮಾಮೂಲು ಅಂದುಕೊಂಡಿದ್ದಾರೆ. ಅದು ಮಾಮೂಲಲ್ಲ. ಎಸ್‌ಎಂಪಿಎಸ್ ಒಳಗೆ, ಕರೆಂಟ್ ಬರುವ ಜಾಗದಲ್ಲಿ, ಗಲಾಟೆ ಸಿಗ್ನಲ್ ಸೋಸಲು ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಅರ್ಥ್‌ಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅರ್ಥ್‌ಗೆ. ಅರ್ಥಿಂಗ್ ಸರಿ ಇದ್ದರೆ ಅಲ್ಲಿ ಸೋರುವ ಚೂರು ಕರೆಂಟ್ ಭೂಮಿಗೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಎರಡರ ನಡುವೆ ಸಿಕ್ಕ ಕ್ಯಾಬಿನೆಟ್ಟಿನ ತಗಡು 230ರ ಅರ್ಧ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಕರೆಂಟ್ ತೀರಾ ಕಮ್ಮಿ, ಅದಕ್ಕೇ ಬರೀ ಜುಂ ಅನ್ನುತ್ತದೆ. ಆದರೆ ಒಳಗೆ ನಿಜವಾಗಿ ಏನಾದರೂ ಕೆಟ್ಟು ಫೇಸ್ ತಗಡಿಗೆ ತಾಗಿದರೆ, ಕಾಪಾಡಬೇಕಾದ ದಾರಿಯೇ ಇಲ್ಲ ಅಂತಾಯಿತು. ಎಷ್ಟೇ ದುಬಾರಿ ಎಸ್‌ಎಂಪಿಎಸ್ ತಂದರೂ ಇದು ಸರಿಹೋಗುವುದಿಲ್ಲ.

ಎಲೆಕ್ಟ್ರಿಷಿಯನ್ ಕರೆಸಿದೆ. ಅವರು ಮಲ್ಟಿಮೀಟರ್ ಹಿಡಿದು ಪ್ಲಗ್ ಪಾಯಿಂಟ್ ನೋಡಿದರು. ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟ್, ಸರಿ ಇದೆ. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ನಮ್ಮಲ್ಲಿ ಅರ್ಥ್ ಜೊತೆ ಹಿಡಿದ ಎರಡೂ ಕಡೆ ಮುಳ್ಳು ಎಲ್ಲೆಲ್ಲೋ ಓಡಾಡಿತು. ಮನೆ ಹಿಂದಿನ ಅರ್ಥಿಂಗ್ ಗುಂಡಿ ನೋಡಿದರೆ, ಪೈಪಿಗೆ ಕಟ್ಟಿದ್ದ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಗುಂಡಿ ತೆಗೆದು, ಹೊಸ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹಾಕಿ, ತಾಮ್ರದ ತಂತಿ ಬಿಗಿದರು. ಮತ್ತೆ ಮೀಟರ್ ಹಿಡಿದಾಗ ನ್ಯೂಟ್ರಲ್ ಅರ್ಥ್ ನಡುವೆ ಒಂದು ವೋಲ್ಟ್ ಚಿಲ್ಲರೆ. ಕ್ಯಾಬಿನೆಟ್ ಮುಟ್ಟಿದೆ, ಏನೂ ಇಲ್ಲ. ಬೇಸಿಗೆಯಲ್ಲಿ ಆಗಾಗ ಆ ಗುಂಡಿಗೆ ಒಂದು ಬಿಂದಿಗೆ ನೀರು ಹಾಕಿ ಅಂದರು, ಹಾಕುತ್ತಿದ್ದೇನೆ.

ಜೋಡಿಸುವುದು ಸುಲಭದ ಕೆಲಸ. ನಾಲ್ಕು ಸ್ಕ್ರೂ, 24 ಪಿನ್, 8 ಪಿನ್, ಕಾರ್ಡಿನದು, ಸಾಟಾ. ಫ್ಯಾನ್ ಕೆಳಗೆ ಬರುವ ಹಾಗೆ ಕೂರಿಸಿದೆ, ನನ್ನ ಕ್ಯಾಬಿನೆಟ್‌ನ ತಳದಲ್ಲಿ ಜಾಲರಿ ಇದೆ. ಮದರ್‌ಬೋರ್ಡ್‌ಗೆ ಕೊಡುವ ಮುಂಚೆ ಎಸ್‌ಎಂಪಿಎಸ್ ಒಂದನ್ನೇ ಓಡಿಸಿ ನೋಡಿದೆ. 24 ಪಿನ್ ಕನೆಕ್ಟರ್‌ನಲ್ಲಿ ಪವರ್ ಆನ್ ಪಿನ್ 16ನೆಯದು. ಹಳೇ ಎಸ್‌ಎಂಪಿಎಸ್‌ಗಳಲ್ಲಿ ಅದು ಹಸಿರು ವೈರು, ಹೊಸದರಲ್ಲಿ ಎಲ್ಲವೂ ಕಪ್ಪಾದ್ದರಿಂದ ಎಣಿಸಬೇಕು. ಅದನ್ನು ಪಕ್ಕದ ಗ್ರೌಂಡಿಗೆ ತಂತಿಯಿಂದ ಸೇರಿಸಿದರೆ ಚಾಲೂ ಆಗುತ್ತದೆ. 12.1 ವೋಲ್ಟ್ ತೋರಿಸಿತು.

ಎಲ್ಲಾ ಜೋಡಿಸಿ, ರಿಸಾಲ್ವ್‌ನಲ್ಲಿ ಒಂದು ಉದ್ದದ ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ, ಬಳಸದೆ ಉಳಿದ ಮೋಲೆಕ್ಸ್ ಕನೆಕ್ಟರ್‌ಗೆ ಮೀಟರ್ ಚುಚ್ಚಿದೆ. ಪೂರ್ತಿ ಲೋಡಿನಲ್ಲಿ 12.02. ನಿಯಮದ ಪ್ರಕಾರ ಐದು ಶೇಕಡಾ ಆಚೀಚೆ, ಅಂದರೆ 11.4ರಿಂದ 12.6ರವರೆಗೆ ಇರಬಹುದು. ಸಾಫ್ಟ್‌ವೇರ್ ತೋರಿಸುವ ವೋಲ್ಟೇಜ್ ಅದೇ ಹೊತ್ತಿಗೆ 11.8 ಅನ್ನುತ್ತಿತ್ತು. ಅದನ್ನು ನೋಡಿ ಗಾಬರಿಯಾಗಬೇಡಿ, ಮೀಟರ್ ಹೇಳಿದ್ದೇ ಸರಿ. ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್‌ನಲ್ಲಿ ಗೋಡೆಯಿಂದ ಎಳೆಯುತ್ತಿದ್ದದ್ದು 280 ವ್ಯಾಟ್ ಆಸುಪಾಸು.

ಕೊನೆಗೆ ಯುಪಿಎಸ್. ನನ್ನ ಹಳೇದು 600 ವಿಎ. ವಿಎ ಅಂದರೆ ವ್ಯಾಟ್ ಅಲ್ಲ, ಅದು ಕೊಡುವುದು 360 ವ್ಯಾಟ್. ಮಾನಿಟರ್ ಸೇರಿದರೆ ನನ್ನ ಲೋಡ್ ಅದರ ಅಂಚಿಗೆ ಬಂತು. ಎಕ್ಸ್‌ಪೋರ್ಟ್ ಓಡುತ್ತಿರುವಾಗ ಬೇಕಂತಲೇ ಪ್ಲಗ್ ಕಿತ್ತು ನೋಡಿದೆ. ಯುಪಿಎಸ್ ಕೂಗಿ ಆಫ್ ಆಯಿತು. ಕಾರಣ ಬರೀ ಲೋಡ್ ಇರಲಿಕ್ಕಿಲ್ಲ. ಕಮ್ಮಿ ಬೆಲೆಯ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಓಡುವಾಗ ನುಣುಪಾದ ಅಲೆ ಕೊಡುವುದಿಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ. ಆಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅದಕ್ಕೆ ಹೊಂದಿಕೊಳ್ಳುವುದಿಲ್ಲ. ಮೇನ್ಸ್ ಹೋಗಿ ಬ್ಯಾಟರಿ ಬರುವ ನಡುವಿನ ಹೊತ್ತನ್ನು ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿಯಿಂದ ದಾಟಿಸಬೇಕು. ಎಟಿಎಕ್ಸ್ ನಿಯಮ ಕೇಳುವುದು 17 ಮಿಲಿಸೆಕೆಂಡ್ ಆಸುಪಾಸು. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಅಲೆಗೇ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಗಾಗಿ ಯುಪಿಎಸ್ ಬದಲಾಗುವ ವೇಗ ಹತ್ತು ಮಿಲಿಸೆಕೆಂಡ್ ಒಳಗಿರುವುದು, ಪ್ಯೂರ್ ಸೈನ್ ವೇವ್ ಇರುವುದು ನೋಡಿ 1000 ವಿಎ, 600 ವ್ಯಾಟ್‌ನ ಒಂದು ತಂದೆ. ಮತ್ತೆ ಅದೇ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ ಪ್ಲಗ್ ಕಿತ್ತೆ. ಎಕ್ಸ್‌ಪೋರ್ಟ್ ನಿಲ್ಲಲಿಲ್ಲ.

ಮನೆ ಇನ್ವರ್ಟರ್‌ಗೆ ಕಂಪ್ಯೂಟರ್ ಕೊಟ್ಟಿರುವವರು ಅದರ ಹಿಂದೆ ಇರುವ ಸ್ವಿಚ್ ಒಮ್ಮೆ ನೋಡಿ. ಯುಪಿಎಸ್ ಮೋಡ್ ಮತ್ತು ಇಕೋ ಮೋಡ್ ಅಂತ ತುಂಬಾ ಇನ್ವರ್ಟರ್‌ಗಳಲ್ಲಿ ಇರುತ್ತದೆ. ಇಕೋದಲ್ಲಿ ಬದಲಾಗುವುದು ನಿಧಾನ, ಫ್ಯಾನು ಲೈಟಿಗೆ ಸಾಕು, ಕಂಪ್ಯೂಟರ್‌ಗೆ ಸಾಲದು.

ಹಳೇ ಎಸ್‌ಎಂಪಿಎಸ್ ಬಿಚ್ಚಿ ನೋಡುವ ಆಸೆ ಮಗನಿಗಿತ್ತು. ಬಿಡಲಿಲ್ಲ. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ 325 ವೋಲ್ಟ್ ಆಗುತ್ತದೆ, ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರಬಹುದು. ಇ-ವೇಸ್ಟ್ ತಗೊಳ್ಳುವವರಿಗೆ ಕೊಟ್ಟೆ, ಕೇಬಲ್ ಸಮೇತ.

ಹೊಸದರಲ್ಲಿ ಬಳಸದೆ ಉಳಿದ ಮಾಡ್ಯುಲರ್, ಅಂದರೆ ಎಸ್‌ಎಂಪಿಎಸ್‌ನಿಂದ ಬಿಚ್ಚಿ ತೆಗೆಯಬಹುದಾದ, ಕೇಬಲ್‌ಗಳನ್ನು ಒಂದು ಕವರ್‌ಗೆ ಹಾಕಿ, ಮೇಲೆ ಮಾಡೆಲ್ ನಂಬರ್ ಬರೆದಿಟ್ಟಿದ್ದೇನೆ. ಈ ಕೇಬಲ್‌ಗಳ ಕಂಪ್ಯೂಟರ್ ಕಡೆಯ ತುದಿ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಬೇರೆ ಮಾಡೆಲ್‌ನ ಕೇಬಲ್ ಸರಿಯಾಗಿ ಕೂರಬಹುದು, ಆದರೆ 5 ವೋಲ್ಟ್ ಬರಬೇಕಾದ ಕಡೆ 12 ಬಂದು ಹಾರ್ಡ್‌ಡಿಸ್ಕ್ ಸುಟ್ಟುಹೋಗಬಹುದು. ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆಯೂ ಹೀಗಾಗಬಹುದು. ನನ್ನ ಹಾರ್ಡ್‌ಡಿಸ್ಕ್‌ಗಳಲ್ಲಿ ಇರುವುದು ಬೇರೆಯವರ ಮನೆಯ ಮದುವೆಗಳು. ಅದಕ್ಕೇ ಆ ಕವರ್ ಕ್ಯಾಬಿನೆಟ್ಟಿನ ಡಬ್ಬಿಯಲ್ಲೇ ಇದೆ, ಬಿಲ್ ಜೊತೆಗೆ.